ಎಡ ಚಕ್ರದ ತಂತಿ

ಸೇನೆಯ ವರ್ಕ್‌ಶಾಪಿನಲ್ಲಿ ಅವನು ಎಲ್ಲರಿಗೂ ಮೀಟರಣ್ಣ. ಕರೆಂಟು ಅಳೆಯುವ ಮೀಟರನ್ನು ಸದಾ ಕೊರಳಿಗೆ ತೂಗುಹಾಕಿಕೊಂಡು ಓಡಾಡುತ್ತಿದ್ದುದರಿಂದ ಬಂದ ಹೆಸರು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ‘ಸಾರಿಗೆ ಉಪ್ಪು ಸಾಕಾ ಅಂತ ಇದರಲ್ಲೇ ನೋಡಿ ಹೇಳಣ್ಣ’ ಎಂದು ಅಡುಗೆಯವನು ಕಿಚಾಯಿಸುತ್ತಿದ್ದ.

ಆ ಅಡುಗೆಯವನೇ ಈಗ ಇಲ್ಲ. ಹತ್ತು ದಿನಗಳ ಹಿಂದೆ ದಿನಸಿ ಹೇರಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದ ಲಾರಿ, ಒದ್ದೆ ರಸ್ತೆಯ ತಿರುವಿನಲ್ಲಿ ಜಾರಿ ಕಲ್ಲಿನ ಗೋಡೆಗೆ ಗುದ್ದಿತ್ತು. ಡ್ರೈವರನ ಪಕ್ಕದಲ್ಲಿ ಕೂತಿದ್ದ ಅವನು ಅಲ್ಲೇ ತೀರಿಕೊಂಡ. ಡ್ರೈವರನ ಬಲಗೈ ಎರಡು ಕಡೆ ಮುರಿದಿತ್ತು. ತಿರುವಿನಲ್ಲಿ ಬ್ರೇಕಿನ ಹಳದಿ ದೀಪ ಹತ್ತಿತು, ಒತ್ತಿದ ಕೂಡಲೇ ಎಡಗಡೆ ಮುಂದಿನ ಚಕ್ರ ಕಚ್ಚಿಕೊಂಡುಬಿಟ್ಟಿತು ಎಂದು ಅವನು ಹೇಳಿಕೆ ಕೊಟ್ಟಿದ್ದ. ಯಾರೂ ನಂಬಿರಲಿಲ್ಲ. ವೇಗವಾಗಿ ಬಂದು, ಈಗ ಗಾಡಿಯ ತಲೆಗೆ ಕಟ್ಟುತ್ತಿದ್ದಾನೆ ಎಂದೇ ಎಲ್ಲರ ಮಾತು.

ಗಾಡಿ ಪರೀಕ್ಷಿಸಿ ವರದಿ ಕೊಡುವ ಕೆಲಸ ಮೀಟರಣ್ಣನ ಪಾಲಿಗೆ ಬಂತು. ಇಪ್ಪತ್ತು ವರ್ಷ ಹಳೆಯ ಲಾರಿ ಅದು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಅದರಲ್ಲಿತ್ತು. ಪ್ರತಿ ಚಕ್ರದ ಬಳಿ ಒಂದು ಸೆನ್ಸರ್. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದನ್ನು ಅದು ತಂತಿಯ ಮೂಲಕ ಸೀಟಿನ ಹಿಂದಿರುವ ಪೆಟ್ಟಿಗೆಗೆ ತಿಳಿಸಬೇಕು. ತಂತಿ ಕಡಿದರೆ ಹಳದಿ ದೀಪ ಹತ್ತುತ್ತದೆ, ಆ ಚಕ್ರಕ್ಕೆ ಎಬಿಎಸ್ ಕೆಲಸ ಮಾಡುವುದಿಲ್ಲ. ಅಪಘಾತದ ದಿನ ಗಾಡಿ ಎಳೆದು ತಂದವರು ಬ್ಯಾಟರಿ ಕಳಚಿದ್ದರಿಂದ ಪೆಟ್ಟಿಗೆ ನೆನಪಿಟ್ಟುಕೊಂಡಿದ್ದ ದೋಷಗಳೆಲ್ಲ ಅಳಿಸಿಹೋಗಿದ್ದವು. ಎಳೆಯಲು ಅನುಕೂಲವಾಗಲೆಂದು ಸ್ಟೇರಿಂಗ್ ರಾಡನ್ನೂ ಬಿಚ್ಚಿದ್ದರು.

ಮೀಟರಣ್ಣ ನಾಲ್ಕೂ ಸೆನ್ಸರುಗಳನ್ನು ಅಳೆದ. ಎಡ ಮುಂದಿನದು ಸಾವಿರದ ನಾನೂರು ಓಮ್. ಉಳಿದವೂ ಹೆಚ್ಚುಕಡಿಮೆ ಅಷ್ಟೇ. ಕೀ ತಿರುಗಿಸಿದರೆ ದೀಪ ಎರಡು ಸೆಕೆಂಡು ಉರಿದು, ಆರಬೇಕಾದ ಹಾಗೆ ಆರಿತು. ಎಲ್ಲೂ ದೋಷವಿಲ್ಲ. ವರದಿ ಸಂಜೆಯೊಳಗೆ ಮೇಜಿನ ಮೇಲಿರಲಿ ಎಂದು ಮೇಜರ್ ಸಾಹೇಬರು ಹೇಳಿಕಳಿಸಿದ್ದರು. ಪೆನ್ನು ಹಿಡಿದವನಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಸೈಕಲ್ಲು ತೆಗೆದುಕೊಂಡು ಆಸ್ಪತ್ರೆಗೆ ಹೋದ.

ಡ್ರೈವರ್ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ದೀಪ ಯಾವಾಗ ಹತ್ತಿತು, ಸರಿಯಾಗಿ ನೆನಪು ಮಾಡಿಕೊಂಡು ಹೇಳು ಎಂದು ಮೀಟರಣ್ಣ ಕೇಳಿದ.

“ಬಲಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ಹತ್ತೋದು ಅಣ್ಣ. ಮುಂಚೆಯೂ ಎರಡು ಸಲ ಹತ್ತಿತ್ತು. ನಿಮಗೆ ಹೇಳಿದ್ದೆ.”

“ನನಗಾ?”

“ಗೇಟಿನ ಹತ್ತಿರ. ನೀವು ಬೇರೆ ಗಾಡಿ ಕೆಳಗೆ ಮಲಗಿದ್ರಿ. ಕೀ ಆರಿಸಿ ಮತ್ತೆ ಹಾಕು, ಹೋಗುತ್ತೆ ಅಂದ್ರಿ. ಹಾಕಿದೆ, ಹೋಯ್ತು.”

ಅವನ ದನಿಯಲ್ಲಿ ದೂರು ಇರಲಿಲ್ಲ. ಮೀಟರಣ್ಣನಿಗೆ ಆ ಮಾತು ಆಡಿದ್ದು ನೆನಪೇ ಇರಲಿಲ್ಲ. ಆದರೆ ಮಾತು ತನ್ನದೇ ಎನ್ನುವುದರಲ್ಲಿ ಅನುಮಾನವೂ ಇರಲಿಲ್ಲ. ದಿನಕ್ಕೆ ನಾಲ್ಕು ಜನರಿಗೆ ಅವನು ಹಾಗೆಯೇ ಹೇಳುತ್ತಿದ್ದ.

ವರ್ಕ್‌ಶಾಪಿಗೆ ಮರಳಿ ಬಂದಾಗ ಉಳಿದವರೆಲ್ಲ ಚಹಾ ಕುಡಿಯಲು ಹೋಗಿದ್ದರು. ಜಾಕಿ ಕೊಟ್ಟು ಎಡ ಚಕ್ರವನ್ನು ನೆಲದಿಂದ ಎತ್ತಿದ. ಮೀಟರಿನ ಎರಡು ಕ್ಲಿಪ್ಪುಗಳನ್ನು ಸೆನ್ಸರಿನ ತಂತಿಗೆ ಸಿಕ್ಕಿಸಿ, ಟೈರನ್ನು ತಬ್ಬಿ ಹಿಡಿದು ಬಲಕ್ಕೆ ಎಳೆದ. ಅರ್ಧ ತಿರುಗುವವರೆಗೂ ಸಾವಿರದ ನಾನೂರೇ ಇತ್ತು. ಪೂರ್ತಿ ತಿರುಗಿದ್ದೇ ಅಂಕಿ ಮಾಯವಾಗಿ, ತಂತಿ ಕಡಿದಾಗ ಬರುವ ಗುರುತು ಬಂತು. ಸಡಿಲ ಬಿಟ್ಟ, ಅಂಕಿ ಮರಳಿತು. ಮತ್ತೆ ಎಳೆದ, ಮತ್ತೆ ಹೋಯಿತು. ಮೇಲಿನ ರಬ್ಬರು ನೆಟ್ಟಗಿತ್ತು, ಒಳಗೆ ತಾಮ್ರ ತುಂಡಾಗಿತ್ತು. ತಂತಿ ಸಡಿಲವಿದ್ದಾಗ ತುದಿಗಳು ಕೂಡಿಕೊಳ್ಳುತ್ತಿದ್ದವು, ಬಿಗಿಯಾದಾಗ ಬೇರೆಯಾಗುತ್ತಿದ್ದವು.

ಬಿಗಿಯಾಗುತ್ತಿದ್ದುದು ಯಾಕೆ ಎಂದು ಟಾರ್ಚು ಬಿಟ್ಟು ನೋಡಿದ. ತಂತಿಯನ್ನು ಬ್ರೇಕಿನ ಪೈಪಿಗೆ ಸೇರಿಸಿ ಬಿಳಿಯ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಲಾಗಿತ್ತು. ಚಕ್ರ ತಿರುಗಿದಾಗ ಎಳೆತ ಬೀಳದಂತೆ ಅಲ್ಲಿ ನಾಲ್ಕು ಬೆರಳು ಸಡಿಲು ಬಿಡಬೇಕಿತ್ತು, ಬಿಟ್ಟಿರಲಿಲ್ಲ. ಪಟ್ಟಿಯ ತುದಿಯನ್ನು ಓರೆಯಾಗಿ ಕತ್ತರಿಸಲಾಗಿತ್ತು. ಇಡೀ ವರ್ಕ್‌ಶಾಪಿನಲ್ಲಿ ಹಾಗೆ ಕತ್ತರಿಸುವವನು ಒಬ್ಬನೇ, ಮೀಟರಣ್ಣ. ನಾಲ್ಕು ವರ್ಷದ ಹಿಂದೆ ಹೊಸ ಪೈಪು ಹಾಕಿದಾಗ, ತಂತಿ ಜೋತುಬೀಳದೆ ನೀಟಾಗಿ ಕಾಣಲಿ ಎಂದು ಅವನೇ ಕಟ್ಟಿದ್ದ. ನೋಡಿದವರು ಹೊಗಳಿದ್ದರು.

ಗಾಡಿಯ ಕೆಳಗೇ ಮಲಗಿಕೊಂಡ. ಕಟಿಂಗ್ ಪ್ಲೇಯರ್ ಸೊಂಟದಲ್ಲೇ ಇತ್ತು. ಪಟ್ಟಿ ಕತ್ತರಿಸಿ ಜೇಬಿಗೆ ಹಾಕಿಕೊಂಡರೆ ತಂತಿ ಹಳೆಯದಾಗಿ ಕಡಿಯಿತು ಎಂದು ಬರೆಯಬಹುದಿತ್ತು. ಡ್ರೈವರನೂ ಉಳಿದುಕೊಳ್ಳುತ್ತಿದ್ದ, ತಾನೂ ಉಳಿದುಕೊಳ್ಳುತ್ತಿದ್ದ. ಕೈ ಸೊಂಟದವರೆಗೆ ಹೋಗಿಯೂ ಇತ್ತು. ಅಷ್ಟರಲ್ಲಿ ನಾಲ್ಕು ವರ್ಷದ ಹಿಂದಿನ ಆ ಪೈಪಿನ ಕೆಲಸ ಪೂರ್ತಿ ನೆನಪಾಯಿತು. ಆ ವಾರ ಪೈಪು ಬದಲಾಯಿಸಿದ್ದು ಒಂದಲ್ಲ, ಹನ್ನೆರಡು ಗಾಡಿಗಳಿಗೆ. ಎಲ್ಲಕ್ಕೂ ಅವನೇ ಕಟ್ಟಿದ್ದ, ಒಂದೇ ಅಳತೆಯಲ್ಲಿ. ಅವುಗಳಲ್ಲಿ ಎರಡು ಬೆಳಿಗ್ಗೆಯಷ್ಟೇ ಸರಕು ಹೇರಿಕೊಂಡು ಗುಡ್ಡ ಹತ್ತಿದ್ದವು.

ಕೈಯಲ್ಲಿದ್ದ ಗ್ರೀಸನ್ನೂ ಒರೆಸಿಕೊಳ್ಳದೆ ಮೇಜರ್ ಸಾಹೇಬರ ಕೋಣೆಗೆ ಹೋದ.

“ಸರ್, ಮೇಲೆ ಹೋಗಿರೋ ಎರಡು ಗಾಡಿ ಅಲ್ಲೇ ನಿಲ್ಲಿಸೋಕೆ ಹೇಳಿ. ಇಳಿಯೋದು ಬೇಡ. ತಪ್ಪು ನನ್ನದು. ಯಾಕೆ ಅನ್ನೋದನ್ನ ಆಮೇಲೆ ಕೂತು ಬರೆದುಕೊಡ್ತೀನಿ.”

ಅವರು ಅವನ ಮುಖವನ್ನೊಮ್ಮೆ ನೋಡಿ, ಫೋನು ಎತ್ತಿದರು. ಮುಂದಿನ ಮೂರು ದಿನಗಳಲ್ಲಿ ಹನ್ನೊಂದು ಗಾಡಿಗಳನ್ನೂ ಬೇರೆಯವರು ಪರೀಕ್ಷಿಸಿದರು. ನಾಲ್ಕರಲ್ಲಿ ತಂತಿ ಒಳಗೊಳಗೇ ಸವೆದಿತ್ತು. ಗುಡ್ಡದ ಮೇಲೆ ನಿಂತಿದ್ದ ಎರಡರಲ್ಲಿ ಒಂದರದು ಪೂರ್ತಿ ಕಡಿದಿತ್ತು.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಕೆಲಸ ಹೋಗುತ್ತದಾ ಎಂದು ಕೇಳುತ್ತಾಳೆ ಅಂದುಕೊಂಡಿದ್ದ. “ಅವರ ಮನೆಗೆ ಹೋಗಿ ಹೇಳಿದ್ರಾ?” ಎಂದಳು.

ಮರುದಿನ ಇಬ್ಬರೂ ಹೋದರು. ಅಡುಗೆಯವನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಮೀಟರಣ್ಣ ಒಂದನ್ನೂ ಬಚ್ಚಿಡಲಿಲ್ಲ. ಗೇಟಿನ ಹತ್ತಿರ ಆಡಿದ ಮಾತನ್ನೂ ಹೇಳಿದ.

“ಬೇಕೂಂತ ಮಾಡಿದ್ದಲ್ಲ ಅಂತ ಗೊತ್ತು,” ಎಂದಳು ಆಕೆ. “ಗೊತ್ತಾಗಿ ನನಗೇನಾಗಬೇಕು, ಅದನ್ನ ಹೇಳಿ.”

ಆಕೆ ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು.

ವಿಚಾರಣೆ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಡ್ರೈವರನ ಮೇಲಿನ ಆರೋಪ ಬಿದ್ದುಹೋಯಿತು. ಮೀಟರಣ್ಣ ಗಾಡಿಗಳನ್ನು ಮುಟ್ಟಬಾರದು ಎಂದಾಯಿತು. ಅವನನ್ನು ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದರು, ಮೀಟರನ್ನು ಹಿಂದಕ್ಕೆ ಪಡೆದರು. ಬರಿ ಕೊರಳಿನಲ್ಲಿ ಅವನು ಬೋಲ್ಟು ಎಣಿಸಿ ಕೊಡುತ್ತಿದ್ದ. ಹೆಸರು ಮಾತ್ರ ಅಂಟಿಕೊಂಡೇ ಇತ್ತು.

ಒಂದು ಬೆಳಿಗ್ಗೆ ಡ್ರೈವರ್ ಉಗ್ರಾಣದ ಕಿಟಕಿಯ ಮುಂದೆ ಬಂದು ನಿಂತ. ಬಲಗೈ ಕೊಂಚ ಸೊಟ್ಟಗಾಗಿತ್ತು.

“ಇವತ್ತು ಮೊದಲ ಸಲ ಗಾಡಿ ತೆಗೀತಿದೀನಿ. ಆ ಇಳಿಜಾರಲ್ಲೇ ಹೋಗಬೇಕು. ಸಾಹೇಬರನ್ನ ಕೇಳಿಕೊಂಡು ಬಂದಿದೀನಿ, ಪಕ್ಕದಲ್ಲಿ ಕೂತ್ಕೊಳ್ಳಿ,” ಎಂದ. ಸ್ವಲ್ಪ ತಡೆದು, “ಸಿಟ್ಟು ಹೋಗಿಲ್ಲ ಅಣ್ಣ. ಆದ್ರೆ ಒಬ್ಬನೇ ಹೋಗೋಕೆ ಆಗ್ತಿಲ್ಲ,” ಎಂದ.

ಮೀಟರಣ್ಣ ಅಡುಗೆಯವನು ಕೂರುತ್ತಿದ್ದ ಜಾಗದಲ್ಲಿ ಕೂತ. ತಿರುವಿಗೆ ಇನ್ನೂ ಸಾಕಷ್ಟು ದೂರವಿರುವಾಗ, ರಸ್ತೆ ಖಾಲಿಯಿದ್ದ ಕಡೆ, ಡ್ರೈವರ್ ಜಲ್ಲಿ ಹರಡಿದ್ದ ಅಂಚಿಗೆ ಗಾಡಿ ಇಳಿಸಿ, ಬೇಕೆಂದೇ ಬಲವಾಗಿ ಬ್ರೇಕ್ ಒತ್ತಿದ. ಕೆಳಗೆ ಎಬಿಎಸ್ಸಿನ ಗಾಳಿಯ ವಾಲ್ವುಗಳು ಟರಟರನೆ ಬಡಿದುಕೊಂಡವು. ಚಕ್ರ ಕಚ್ಚಲಿಲ್ಲ. ಗಾಡಿ ನೇರವಾಗಿ ನಿಂತಿತು.

ಡ್ರೈವರ್ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತ. ಅವನ ಭುಜ ಅಲುಗುತ್ತಿತ್ತು. ಮೀಟರಣ್ಣ ಅವನ ಬೆನ್ನಿನ ಕಡೆ ಕೈ ಚಾಚಿದ. ಮುಟ್ಟಲೋ ಬೇಡವೋ ತಿಳಿಯದೆ ಸೀಟಿನ ಮೇಲೆಯೇ ಇಟ್ಟುಕೊಂಡ. ತುಸು ಹೊತ್ತಿನ ಮೇಲೆ ಡ್ರೈವರ್ ಮುಖ ಒರೆಸಿಕೊಂಡು ಗೇರು ಹಾಕಿದ. ಗಾಡಿ ನಿಧಾನವಾಗಿ ತಿರುವಿನ ಕಡೆಗೆ ಇಳಿಯಿತು.