ಮಡಕೆಗೆ ಬೀಳದ ಕೆಂಪು ಅಣಬೆ

ನಿದ್ದೆ ಬಾರದವರ ಮನೆ ಹೇಗಿರುತ್ತದೆಂದು ನಿಮಗೂ ಗೊತ್ತಿರಬಹುದು. ಲಾಂಗ್‌ಕ್ವಾನ್ ಬೆಟ್ಟದ ಮಡಿಲಲ್ಲಿ ಲಾನ್‌ಫೆನ್‌ಳ ಮನೆ ಹಾಗಿತ್ತು. ಅವಳ ಗಂಡ ಮಾವ್‌ಶೆಂಗ್ ಬೇಸಿಗೆಯಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಹಗಲಿಡೀ ಬಾಗಿಲ ಬಳಿ ಕೂತು, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಮಂಪರಿನಲ್ಲಿ, ಬಿದಿರುಮೆಳೆಗಳ ಮೇಲೆ ತೇಲುವ ಮೋಡ ನೋಡುತ್ತಿದ್ದ.

ಲಿಂಗ್‌ಝೀ ಎಂಬ ಔಷಧಿ ಅಣಬೆಯೇ ಇದಕ್ಕೆ ಮದ್ದೆಂದು ಲಾನ್‌ಫೆನ್ ನಂಬಿದ್ದಳು. ಪಕ್ಕದ ಮನೆಯ ಪೇಯ್‌ಹ್ವಾ ಅದನ್ನು ಚಪ್ಪರದಡಿ ಮರದ ತುಂಡುಗಳ ಮೇಲೆ ಬೆಳೆಯುತ್ತಿದ್ದಳು. ಲಾನ್‌ಫೆನ್‌ಗೆ ಅದು ಬೇಡ. "ಸಾಕಿದ್ದಕ್ಕೆ ಏನು ಶಕ್ತಿ ಇರತ್ತೆ? ಬೆಟ್ಟದ ಮಂಜು ಕುಡಿದದ್ದೇ ಬೇರೆ" ಎನ್ನುತ್ತಿದ್ದಳು.

ಒಂದು ಮುಂಜಾನೆ ಬುಟ್ಟಿ ಹೊತ್ತು ಕಾಡಿಗೆ ಹೋದಳು. ಮಂಜಿನಲ್ಲಿ ಮರಗಳು ಒಂದೊಂದಾಗಿ ಹತ್ತಿರ ಬಂದು ಹಾಗೆಯೇ ಕರಗುತ್ತಿದ್ದವು. ಕೊಳೆತ ಬೊಡ್ಡೆಯ ಬುಡದಲ್ಲಿ ಏನೋ ಕೆಂಪಗೆ ಹೊಳೆಯಿತು. ಜಿಂಕೆಯ ಎಳೆ ಕೊಂಬಿನಂಥ ಕವಲು. ಎಳೆಯ ಲಿಂಗ್‌ಝೀ ಹೀಗೇ ಇರುತ್ತದೆಂದು ಕೇಳಿದ್ದಳು. ಬೆಟ್ಟವೇ ತನಗೆಂದು ಎತ್ತಿಟ್ಟ ಹಾಗಿತ್ತು. ಅವಳ ಕಣ್ಣು ತುಂಬಿ ಬಂತು.

ಮನೆಗೆ ಬಂದು, ಅಣಬೆ ತೊಳೆದು ತಟ್ಟೆಯಲ್ಲಿಟ್ಟು, ಒಲೆಯ ಮೇಲೆ ಮಡಕೆಯಲ್ಲಿ ನೀರಿಟ್ಟಳು. ಬೆರಳುಗಳು ಚುರುಗುಟ್ಟತೊಡಗಿದವು. ಆಗಲೇ ಪೇಯ್‌ಹ್ವಾ ತೋಫು ಎಂಬ ಸೋಯಾ ಗಿಣ್ಣು ಕೊಡಲು ಬಂದಳು.

"ಚಿಕ್ಕಮ್ಮ, ಕೈ ಯಾಕೆ ಕೆಂಪಾಗಿದೆ?"

"ಏನೋ ಮುಳ್ಳು ತಾಗಿರಬೇಕು. ಇಲ್ನೋಡು, ನಿನ್ನ ಚಪ್ಪರದ ರಾಣಿಯರು ನಾಚ್ಕೋಬೇಕು!"

ತಟ್ಟೆ ನೋಡಿದವಳೇ ಪೇಯ್‌ಹ್ವಾ ಬೆಚ್ಚಿದಳು. "ಮುಟ್ಬೇಡಿ! ಚಿಕ್ಕಪ್ಪನಿಗೆ ಕೊಟ್ರಾ?"

"ಇನ್ನೂ ಇಲ್ಲ ಕಣೇ. ಏನಾಯ್ತೀಗ?"

"ಇದೇ ಥರ ಕಾಣೋ ವಿಷದ ಅಣಬೆ ಇದೆ. ಮುಟ್ಟಿದ್ರೆ ಚರ್ಮ ಉರಿಯತ್ತೆ, ತಿಂದ್ರೆ ಜೀವಾನೇ ಹೋಗ್ಬಹುದು."

"ನಿನ್ನ ವ್ಯಾಪಾರಕ್ಕೆ ನನ್ನ ಹೆದರಿಸ್ತೀಯಾ?"

"ನಂದು ಕೊಳ್ಳಲೇಬೇಡಿ. ಇದು ಇಂಥದ್ದೇ ಅಂತ ಹೇಳೋಕೆ ಅಣಬೆ ಬೆಳೆಯೋ ನನಗೂ ಆಗಲ್ಲ. ಗೊತ್ತಿಲ್ಲದ್ದನ್ನ ಚಿಕ್ಕಪ್ಪನಿಗೆ ಕುಡಿಸ್ತೀರಾ?"

ಲಾನ್‌ಫೆನ್ ಬಾಗಿಲತ್ತ ನೋಡಿದಳು. ಮಾವ್‌ಶೆಂಗ್ ಬಟ್ಟಲು ಹಿಡಿದು ಮಗುವಿನಂತೆ ಕಾಯುತ್ತಿದ್ದ. ಅವಳು ಒಲೆ ಆರಿಸಿ, ಅಣಬೆಯನ್ನು ಕಡ್ಡಿಯಿಂದ ಎತ್ತಿ ಹಿತ್ತಲ ಗುಂಡಿಯಲ್ಲಿ ಹೂತಳು.

ಸೋಪು ಹಚ್ಚಿ ಕೈ ತೊಳೆದು, ಗಂಡನನ್ನೂ ಕರೆದುಕೊಂಡು ಅಂದೇ ಆಸ್ಪತ್ರೆಗೆ ಹೋದಳು. ವೈದ್ಯೆ ಅವಳ ಕೈಗೆ ಮುಲಾಮು ಕೊಟ್ಟರು. ಮಾವ್‌ಶೆಂಗ್‌ನ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ತೊಂದರೆ ಅವನ ನಿದ್ದೆ ಕದ್ದಿತ್ತು. ಮಾತ್ರೆ ಬರೆದುಕೊಟ್ಟು, "ಲಿಂಗ್‌ಝೀ ತಗೊಳ್ಳೋದಾದ್ರೆ ಮೊದಲು ನನ್ನ ಕೇಳಿ. ಅದಕ್ಕೋಸ್ಕರ ಮಾತ್ರೆ ಮಾತ್ರ ಬಿಡಬೇಡಿ" ಎಂದರು.

ಮರುದಿನ ಲಾನ್‌ಫೆನ್ ತಾನಾಗಿಯೇ ಪೇಯ್‌ಹ್ವಾಳ ಚಪ್ಪರದೊಳಗೆ ಕಾಲಿಟ್ಟಳು. ಅಣಬೆಗಳ ಕೆಂಪು ಕೊಡೆಗಳ ಕೆಳಗಿಂದ ಕಂದು ಹೊಗೆಯಂಥದ್ದೇನೋ ಎದ್ದು, ಬಿಸಿಲುಕೋಲಿನಲ್ಲಿ ಮೆಲ್ಲಗೆ ತಿರುಗುತ್ತಿತ್ತು.

"ಏನೇ ಇದು?"

"ಅಣಬೆಯ ಬೀಜದ ಪುಡಿ ಚಿಕ್ಕಮ್ಮ. ಮೊದಲ ತಳಿ ಈ ಕಾಡಿನದೇ. ಇಲ್ಲಿ ಯಾವ ಜಾತಿ, ಯಾವಾಗ ಕೊಯ್ದದ್ದು ಎಲ್ಲ ಗೊತ್ತಿರತ್ತೆ, ಪರೀಕ್ಷೇನೂ ಆಗತ್ತೆ. ಕಾಡಲ್ಲಿ ಉಳಿದಿರೋವು ಹೀಗೇ ಬೀಜ ಚೆಲ್ಲಿಕೊಂಡು ಇರಲಿ ಬಿಡಿ."

ಲಾನ್‌ಫೆನ್ ಆ ಪುಡಿಯತ್ತ ಕೈ ಚಾಚಿದಳು. "ಇದೂ ಮಂಜೇ ಕಣೇ" ಎಂದಳು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಮಾವ್‌ಶೆಂಗ್ ಕೂತಲ್ಲೇ ಗೊರಕೆ ಹೊಡೆದ. ಅವಳು ಉಸಿರು ಬಿಗಿಹಿಡಿದು ಆ ಸದ್ದನ್ನು ಕೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ಕಾಡಿನ ಅಣಬೆಯನ್ನು ಬಣ್ಣ ನೋಡಿ ಔಷಧಿಯೆಂದು ಮನೆಗೆ ತರಬೇಡಿ. ಬೇಕಿದ್ದರೆ ಪರೀಕ್ಷೆಯಾದ, ಬೆಳೆದವರು ಯಾರೆಂದು ಗೊತ್ತಿರುವ ಅಣಬೆಯನ್ನೇ ವೈದ್ಯರನ್ನು ಕೇಳಿ ಕೊಳ್ಳಿ. ನಿಮ್ಮನ್ನು ನಂಬಿದವರು ನೀವು ಕೊಟ್ಟದ್ದನ್ನು ಏನೂ ಕೇಳದೆ ಕುಡಿಯುತ್ತಾರೆ. ಅವರ ಪರವಾಗಿ ನೀವೇ ಮೊದಲು ಕೇಳಿ.