ಒಳಗಿನ ಚಿಲಕ

ಮೆಕ್ಸಿಕೊ ಅಪಾಯದ ದೇಶ ಎಂಬ ಕಾರಣಕ್ಕೆ ನನ್ನ ಅಣ್ಣ ನನ್ನ ಬೆರಳು ಮುರಿದ. ಕೇಳಿದವರಿಗೆ ನಗು ಬಂದರೆ ನಗಲಿ, ನನಗೂ ಈಗೀಗ ಬರುತ್ತದೆ. ಯುಗಾದಿ ಕಳೆದು ತಿಂಗಳ ಮೇಲಾಗಿತ್ತು. ಊಟಕ್ಕೆ ಕೂತವನು ಎಡಗೈಯಲ್ಲಿ ಫೋನ್ ಎತ್ತಿ ಒಂದು ವೀಡಿಯೊ ತೋರಿಸಿದ. ಯಾವುದೋ ಬೀದಿ, ಮುಖಕ್ಕೆ ಬಟ್ಟೆ ಕಟ್ಟಿದವರು, ಗುಂಡಿನ ಸದ್ದು.

‘ಇದು ಮೆಕ್ಸಿಕೊ. ಇಲ್ಲಿಗೆ ಒಬ್ಬಳೇ ಹೋಗ್ತ್ಯಾ ನೀನು?’ ಎಂದ.

‘ಮೆಕ್ಸಿಕೊ ಯೋಚನೆ ಬಿಟ್ಟು ವರ್ಷಾತು. ಈಗ ನಾ ಹಾಕಿದ್ದು ಸ್ಪೇನಿನ ವೀಸಾಕ್ಕೆ,’ ಎಂದೆ.

ತಿರುಗಿ ಮಾತಾಡಿದ್ದೇ ಸಾಕಾಯಿತು. ನನ್ನ ಫೋನ್ ಕಿತ್ತುಕೊಳ್ಳಲು ಎದ್ದು ಬಂದ. ನಾನು ಬಿಡಲಿಲ್ಲ. ಉಂಗುರದ ಬೆರಳನ್ನು ಹಿಡಿದು ಹಿಂದಕ್ಕೆ ತಿರುಚಿದ. ಒಣಗಿದ ಸೌದೆ ಚಕ್ಕೆ ಮುರಿದ ಹಾಗೆ ಸದ್ದಾಯಿತು. ನಾನು ನೆಲಕ್ಕೆ ಕುಸಿದ ಮೇಲೆ ಕಾಲಿನಿಂದ ಪಕ್ಕೆಗೆ ಒಂದು ಕೊಟ್ಟ. ಆಮೇಲೆ ಕೈ ತೊಳೆದು ಬಂದು ಮತ್ತೆ ಎಲೆಯ ಮುಂದೆ ಕೂತು, ‘ಅಮ್ಮ, ಮಜ್ಜಿಗೆ,’ ಎಂದ. ಅಮ್ಮ ಬಡಿಸಿದಳು.

ಸಾಗರದ ಡಾಕ್ಟರ ಮುಂದೆ ಅಮ್ಮ ನನಗಿಂತ ಮೊದಲು ಬಾಯಿ ತೆರೆದಳು. ‘ಮೆಟ್ಟುಗತ್ತಿ ತಾಗಿದ್ದು ಡಾಕ್ಟ್ರೇ.’ ಅವರು ತಲೆ ಎತ್ತದೆ ಬರೆದುಕೊಂಡರು.

ಅಡಿಕೆ ಸುಲಿಯುವ ಮನೆಗಳಲ್ಲಿ ಇದೊಂದು ದೊಡ್ಡ ಅನುಕೂಲ. ಹಲಗೆಗೆ ನೆಟ್ಟಗೆ ಕೂರಿಸಿದ ಬಾಗಿದ ಕತ್ತಿ ಅದು. ಹಲಗೆಯನ್ನು ಮೆಟ್ಟಿ ಕೂತು ಹೆಂಗಸರು ಚಳಿಗಾಲವೆಲ್ಲ ಅದರ ಮೊನೆಗೆ ಕೈ ಆಡಿಸುತ್ತಾರೆ. ಹಾಗಾಗಿ ನಮ್ಮ ಕಡೆ ಹೆಂಗಸರ ಮೈಮೇಲೆ ಎಂಥ ಗಾಯ ಕಂಡರೂ ಮೆಟ್ಟುಗತ್ತಿ ಎಂದರೆ ಮಾತು ಮುಗಿಯಿತು. ಅಮ್ಮನ ಮಣಿಕಟ್ಟಿನ ಗಾಯ ಮೆಟ್ಟುಗತ್ತಿಯದು. ಹುಬ್ಬಿನ ಮೇಲಿನ ಹೊಲಿಗೆಯೂ ಮೆಟ್ಟುಗತ್ತಿಯದೇ. ಹುಬ್ಬಿಗೆ ಅದು ಹೇಗೆ ತಾಗುತ್ತದೆ ಎಂದು ಕೇಳುವ ಗಂಡಸು ನಮ್ಮ ನೆಂಟರಲ್ಲಿ ಒಬ್ಬನೂ ಹುಟ್ಟಿರಲಿಲ್ಲ.

ನನ್ನ ಹೆಸರು ಶ್ರೀಗೌರಿ. ಸಾಗರದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಸ್ಪ್ಯಾನಿಶ್ ಕಲಿಯುವುದು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಕೆಲಸ ಸಿಗುತ್ತದೆ ಎಂದು ಬಾಯಲ್ಲಿ ಹೇಳುತ್ತಿದ್ದೆ. ನಿಜವಾದ ಕಾರಣ ಬೇರೆ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಭಾಷೆ ಕಲಿಯುವಾಗ ನನಗೆ ಹಾಯೆನಿಸುತ್ತಿತ್ತು, ಏಕೆಂದರೆ ಅದರಲ್ಲಿ ಇನ್ನೂ ಯಾರೂ ನನಗೆ ಬೈದಿರಲಿಲ್ಲ.

ಅಣ್ಣ ಶ್ರೀಕರನಿಗೆ ಪಂಪ್‌ಸೆಟ್ ಅಂಗಡಿ. ಅಪ್ಪ ಹೋದ ಮೇಲೆ ಮನೆಯ ಯಜಮಾನ ಅವನೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಗಾದೆಯನ್ನು ಇವನನ್ನು ನೋಡಿಯೇ ಕಟ್ಟಿರಬೇಕು. ಅಂಗಡಿಗೆ ಬಂದವರನ್ನು ಕೂರಿಸಿ ಚಹಾ ಕೊಡದೆ ಕಳಿಸಿದವನಲ್ಲ. ಎರಡು ವರ್ಷದ ಹಿಂದೆ ನನ್ನ ಕೋಣೆಯ ಬಾಗಿಲನ್ನು ಒದ್ದು ಒಳಗಿನ ಚಿಲಕ ಕಿತ್ತು ಹಾಕಿದ. ‘ಮನೆಯೊಳಗೆ ಎಂತಕ್ಕೆ ಚಿಲಕ?’ ಎಂದು ಕೇಳಿ, ಅದೇ ಚಿಲಕದ ಕಬ್ಬಿಣದಿಂದ ನನ್ನ ಬೆನ್ನಿಗೆ ಬಾರಿಸಿದ. ಮೊಳೆಯ ತೂತುಗಳು ಬಾಗಿಲಲ್ಲಿ ಹಾಗೇ ಉಳಿದವು.

ಆ ವರ್ಷವೇ ನಾನು ಊರು ಹುಡುಕಲು ಶುರು ಮಾಡಿದ್ದು. ಸ್ಪ್ಯಾನಿಶ್ ಆಡುವ ನಾಡಿನಲ್ಲಿ ಒಬ್ಬಳೇ ಹೆಣ್ಣು ಇದ್ದು ಕಲಿಯಬಹುದಾದ ಊರು. ಮೊದಲು ಮೆಕ್ಸಿಕೊದ ವಹಾಕಾ, ಆಮೇಲೆ ಗ್ವಾಟೆಮಾಲಾದ ಆಂಟಿಗ್ವಾ. ಕೊನೆಗೆ ತೀರ್ಥಹಳ್ಳಿಯ ಗೆಳತಿ ಮೇಘನಾ, ತಾನು ಒಂದು ವರ್ಷ ಓದಿ ಬಂದ ಸ್ಪೇನಿನ ಸಲಮಾಂಕಾ ಹೆಸರು ಹೇಳಿದಳು. ಸಣ್ಣ ಊರು, ಓದುವ ಮಕ್ಕಳ ಊರು, ಶಾಲೆಗೆ ನಡೆದೇ ಹೋಗಬಹುದು. ಮಗಳು ಮದುವೆಯಾಗಿ ಹೋದ ಮೇಲೆ ಕೋಣೆ ಬಾಡಿಗೆಗೆ ಕೊಡುವ ಒಬ್ಬ ವಿಧವೆಯ ವಿಳಾಸವನ್ನೂ ಕೊಟ್ಟಳು. ನಾಲ್ಕು ತಿಂಗಳ ಕೋರ್ಸಿಗೆ ಸೀಟು ಸಿಕ್ಕಿತು, ಬೆರಳು ಮುರಿದ ಎರಡು ವಾರಕ್ಕೆ ವೀಸಾನೂ ಬಂತು. ಬಂದ ದಿನವೇ ಅಣ್ಣ ಪಾಸ್‌ಪೋರ್ಟನ್ನು ತನ್ನ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡ.

ಅವನು ಮಾತು ಕೇಳುವುದಿದ್ದರೆ ಸೋದರಮಾವ ಸುಬ್ಬರಾಯರದು ಮಾತ್ರ. ಅಮ್ಮ ಅವರಿಗೆ ಹೇಳಿ ಕಳಿಸಿದಳು. ಮಾವ ಒಪ್ಪಿದರೆ ನಾನು ಹೊರಟಂತೆ, ಇಲ್ಲದಿದ್ದರೆ ಜೀವನಪೂರ್ತಿ ಈ ಮನೆ.

ಮಾವ ಹೊಸನಗರದ ಆಚೆಯ ನಗರ ಎಂಬ ತಮ್ಮ ಊರಿನಿಂದ ಬೆಳಗಿನ ಬಸ್ಸು ಹಿಡಿದು ಬಂದಿಳಿದರು. ಜಗುಲಿಯಲ್ಲಿ ಕೂತು, ಊರುಗೋಲನ್ನು ಗೋಡೆಗೆ ಆನಿಸಿ, ಬೆಲ್ಲ ನೀರು ಕುಡಿದು ಶುರು ಮಾಡಿದರು. ಅಣ್ಣ ಎದುರಿಗೆ ಸಾಧುವಾಗಿ ಕೂತಿದ್ದ.

‘ಕೂಸೇ, ಆ ಊರಲ್ಲಿ ಕಳ್ಳರ ಕಾಟ ಇದ್ದಾ?’

‘ಜೇಬುಗಳ್ಳರು ಇದ್ವಡ ಮಾವ. ದೊಡ್ಡ ಊರುಗಳಲ್ಲಿ ಹೆಚ್ಚಡ.’

‘ಕುಡುಕರು?’

‘ಇಲ್ಲಿಗಿಂತ ಹೆಚ್ಚಿಲ್ಲೆ.’

‘ಕತ್ತಲಾದ ಮೇಲೆ ಹೆಂಗಸರು ಓಡಾಡ್ತ್ವಾ?’

‘ಓಡಾಡ್ತ್ವಡ.’

‘ಅದೇ ತೊಂದರೆ,’ ಎಂದು ಅಣ್ಣ ನಡುವೆ ಬಾಯಿ ಹಾಕಿದ. ‘ಈ ಕೂಸು ಅಲ್ಲಿ ಹೆಣವಾಗಿ ಬಿದ್ರೆ ತರಕ್ಕೆ ಯಾರು ಹೋಗದು ಮಾವ? ಇಲ್ಲಿ ಎಂಗೊ ಇದ್ಯ, ಕಾಯ್ತ್ಯ.’

ನಾವು ಇಲ್ಲಿ ಕಾಯುತ್ತೇವೆ ಎಂದಾಗ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಮೊಣಕಾಲ ಮೇಲೆ ಇಟ್ಟೆ. ಮಾವ ತಲೆದೂಗಿ ನನ್ನ ಕೈ ನೋಡಿದರು. ‘ಬೆರಳಿಗೆ ಎಂತಾತು?’

‘ಮೆಟ್ಟುಗತ್ತಿ ತಾಗಿದ್ದು,’ ಅಮ್ಮ ಅಡುಗೆಮನೆ ಬಾಗಿಲಿನಿಂದ ಹೇಳಿದಳು. ಅಭ್ಯಾಸಬಲ.

ಮಾವ ಮತ್ತೆ ತಲೆದೂಗಿದರು. ಸಲಮಾಂಕಾದಲ್ಲಿ ಚಳಿ ಎಷ್ಟು ಎಂದು ಕೇಳಿದರು. ಅಕ್ಕಿ ಸಿಗುತ್ತದಾ ಎಂದು ಕೇಳಿದರು. ನಾನು ಉತ್ತರ ಹೇಳುತ್ತಿರುವಾಗಲೇ ಅವರ ಮುಖ ಬದಲಾಯಿತು. ಎಪ್ಪತ್ತು ವರ್ಷ ಅಡಿಕೆಯ ಜೊತೆ ಬದುಕಿದ ಮನುಷ್ಯ. ಅಮ್ಮನ ಕಡೆ ತಿರುಗಿದರು.

‘ವರದಾ, ವೈಶಾಖದಲ್ಲಿ ಎಲ್ಲಿಯ ಅಡಿಕೆ ಸುಲಿತಿದ್ರಿ ನೀವು?’

ಇಷ್ಟು ವರ್ಷ ಸುಳ್ಳು ಹೇಳಿ ಹೇಳಿ ಅಮ್ಮನಿಗೆ ಕಾಲದ ಲೆಕ್ಕವೇ ತಪ್ಪಿತ್ತು. ಸುಲಿತ ಮುಗಿದು ಕತ್ತಿಗೆ ಎಣ್ಣೆ ಹಚ್ಚಿ ಕಟ್ಟಿಟ್ಟು ಎರಡು ತಿಂಗಳ ಮೇಲಾಗಿತ್ತು.

‘ಕತ್ತಿ ತಾಗಿದ್ರೆ ಕೊಯ್ತು. ಎಲುಬು ಮುರಿತಾ?’ ಮಾವ ಮತ್ತೆ ಕೇಳಿದರು.

ಅಮ್ಮ ಒಳಗೆ ಹೋದಳು. ಅಟ್ಟದ ಏಣಿ ಕಿರುಗುಟ್ಟಿದ್ದು ಕೇಳಿಸಿತು. ಹಳೆ ಸೀರೆಯಲ್ಲಿ ಸುತ್ತಿದ ಮೆಟ್ಟುಗತ್ತಿಯನ್ನು ತಂದು ನನ್ನ ಅಣ್ಣನ ಮುಂದೆ ಅಲ್ಲ, ತನ್ನ ಅಣ್ಣನ ಮುಂದೆ ಇಟ್ಟಳು.

‘ಇದು ಯಾರಿಗೂ ತಾಗಿದ್ದಿಲ್ಲೆ ಅಣ್ಣಯ್ಯ. ಈ ಕೂಸಿನ ಬೆರಳು ಮುರಿದಿದ್ದು ಶ್ರೀಕರ. ಎನ್ನ ಹುಬ್ಬು ಒಡೆದಿದ್ದೂ ಅವನೇ.’

ಅವಳು ಮಾತು ಮುಗಿಸುವ ಮೊದಲೇ ಅಣ್ಣ ಎದ್ದಿದ್ದ. ಹಿತ್ತಾಳೆ ಚೆಂಬನ್ನು ಅಮ್ಮನ ಬಾಯಿಗೆ ಬೀಸಿ ಹೊಡೆದ. ಅಮ್ಮನ ತುಟಿ ಸೀಳಿ ಸೆರಗಿಗೆ ರಕ್ತ ಇಳಿಯಿತು. ನಾನು ನಡುವೆ ಹೋದೆ. ಜಡೆ ಹಿಡಿದು ನನ್ನ ತಲೆಯನ್ನು ಕಂಬಕ್ಕೆ ಬಡಿದ, ಇನ್ನೊಮ್ಮೆ ಬಡಿದ. ಕಣ್ಣ ಮುಂದೆ ಬೆಳ್ಳಗಾಯಿತು. ಮಾವ ಊರುಗೋಲು ಎತ್ತಿ ಅವನ ಹೆಗಲಿಗೆ ಹೊಡೆದರು. ಅವನು ತಿರುಗಿ, ಯಾರ ಕಾಲಿಗೆ ಹಬ್ಬಕ್ಕೆ ಹಬ್ಬಕ್ಕೆ ಅಡ್ಡಬೀಳುತ್ತಿದ್ದನೋ ಅದೇ ಮುದುಕರ ಎದೆಗೆ ಕೈಕೊಟ್ಟು ನೂಕಿದ. ಮಾವನ ತಲೆ ಜಗುಲಿಯ ಅಂಚಿಗೆ ತಾಗಿ, ಅವರು ಅಂಗಳಕ್ಕೆ ಉರುಳಿದರು.

ಅಮ್ಮ ಕತ್ತಿಯ ಮೇಲಿನ ಸೀರೆ ಕಿತ್ತೆಸೆದಳು. ನನ್ನ ತೋಳು ಹಿಡಿದು ಗೋಡೆಯ ಕಡೆ, ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಹಲಗೆ ಮೆಟ್ಟಿ, ಮಾಗಿಯಲ್ಲಿ ಕೂರುವ ಹಾಗೆಯೇ ಕೂತಳು. ಕತ್ತಿ ಅವಳ ಎದುರಿಗೆ ನೆಟ್ಟಗೆ ನಿಂತಿತು.

‘ಬಾ ಮಾಣಿ,’ ಎಂದಳು. ‘ಈಗ ಬಾ.’

ಅವನು ನಕ್ಕ. ಹುಟ್ಟಿದಾಗಿನಿಂದ ಅವಳು ಹಾಗೆ ಕೂತದ್ದನ್ನು ನೋಡಿದವನು, ಹೆದರುವುದು ಎಲ್ಲಿಂದ ಬರಬೇಕು? ಅವಳ ತಲೆಯ ಮೇಲಿಂದ ನನ್ನ ಜಡೆಗೆ ಕೈ ಚಾಚಿ ಮೈಯೆಲ್ಲ ಮುಂದಕ್ಕೆ ಎಸೆದ. ಅಮ್ಮ ಅವನನ್ನು ಮುಟ್ಟಲಿಲ್ಲ, ಕತ್ತಿಯನ್ನೂ ಎತ್ತಲಿಲ್ಲ, ಹಲಗೆಯನ್ನು ಮಾತ್ರ ಬಲವಾಗಿ ಮೆಟ್ಟಿಕೊಂಡಳು. ಮೆಟ್ಟುಗತ್ತಿ ಯಾರ ಮೇಲೂ ಹೋಗುವುದಿಲ್ಲ, ತನ್ನ ಬಳಿಗೆ ಬಂದದ್ದನ್ನು ಸುಲಿಯುತ್ತದೆ. ಮೊಣಕೈಯಿಂದ ಮಣಿಕಟ್ಟಿನ ತನಕ ಅವನ ತೋಳು ತೆರೆದುಕೊಂಡಿತು. ಒಳಗಿನ ಬಿಳಿ ಕಂಡಿತು, ಆಮೇಲೆ ರಕ್ತ ಚಿಮ್ಮಿ ಅಮ್ಮನ ಮುಖ, ನನ್ನ ಮುಖ, ಗೋಡೆಯ ಸುಣ್ಣ ಎಲ್ಲ ಕೆಂಪಾಯಿತು. ಅವನು ತೋಳು ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ‘ಅಮ್ಮಾ’ ಎಂದು ಕಿರುಚಿದ.

ನನಗೆ ಸಂತೋಷವಾಯಿತು. ಬೇರೆ ಏನಾದರೂ ಅನಿಸಿತು ಎಂದು ಬರೆಯಬಹುದು, ಆದರೆ ಆದದ್ದು ಸಂತೋಷವೇ.

ಅಮ್ಮ ಎದ್ದು ಅದೇ ಹಳೆ ಸೀರೆಯನ್ನು ಹರಿದು ಅವನ ತೋಳಿಗೆ ಬಿಗಿಯಾಗಿ ಕಟ್ಟಿದಳು. ತಲೆಯಿಂದ ರಕ್ತ ಸುರಿಸಿಕೊಂಡು ಜಗುಲಿ ಹತ್ತಿ ಬಂದ ಮಾವ ಅವನ ಅಂಗಿಯೊಳಗೆ ಕೈ ಹಾಕಿದರು. ಜನಿವಾರದ ಗಂಟು ನೆನೆದು ಬಿಗಿದಿತ್ತು. ಹಲ್ಲಿನಿಂದ ಬಿಚ್ಚಿ, ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟರು. ಅದು ಬಿಸಿಯಾಗಿತ್ತು.

ಆಟೋದಲ್ಲಿ ಎಲ್ಲರೂ ಒಟ್ಟಿಗೆ ಹೋದೆವು. ಅದೇ ಡಾಕ್ಟರು.

‘ಮೆಟ್ಟುಗತ್ತಿ ತಾಗಿದ್ದು,’ ಎಂದಳು ಅಮ್ಮ, ಒಡೆದ ತುಟಿಯಲ್ಲಿ. ಆ ಮಾತು ಅವಳ ಬಾಯಲ್ಲಿ ನಿಜವಾದದ್ದು ಅಂದೇ ಇರಬೇಕು. ಡಾಕ್ಟರು ಅಂದು ತಲೆ ಎತ್ತಿದರು. ‘ಗಂಡಸರಿಗೆ ಹೇಗಮ್ಮ ತಾಗ್ತು?’ ಎಂದು ಕೇಳಿದರು. ಹೆಂಗಸರಿಗೆ ತಾಗಿದಾಗ ಒಮ್ಮೆಯೂ ಕೇಳದ ಪ್ರಶ್ನೆ.

‘ಅವನೇ ಬಂದು ತಾಗಿಸ್ಕಂಡ,’ ಎಂದಳು ಅಮ್ಮ.

ಅಣ್ಣನನ್ನು ಹೊಲಿಗೆಗೆ ಒಳಗೆ ಕರೆದುಕೊಂಡು ಹೋದರು. ನಾವು ಮೂವರು ಹೊರಗಿನ ಬೆಂಚಿನಲ್ಲಿ ಕೂತೆವು. ಅಮ್ಮ ಇನ್ನು ಆ ಮನೆಗೆ ಹೋಗುವುದಿಲ್ಲ, ನೇರ ತನ್ನ ಜೊತೆ ನಗರದ ಬಸ್ಸು ಹತ್ತುತ್ತಾಳೆ ಎಂದು ಮಾವ ಹೇಳಿದರು. ಅಮ್ಮ ಹೂಂ ಎಂದಳು. ನನ್ನ ಚೀಲದಲ್ಲಿ ಪಾಸ್‌ಪೋರ್ಟ್ ಇತ್ತು.

ಮಾವನ ತಲೆಗೆ ಬಿಳಿ ಬಟ್ಟೆ ಸುತ್ತಿದ್ದರು. ನನ್ನ ಬೆರಳನ್ನು ನೋಡಿದರು. ಕಳ್ಳರ ಬಗ್ಗೆ, ಕುಡುಕರ ಬಗ್ಗೆ, ಚಳಿಯ ಬಗ್ಗೆ ಕೇಳಿ ಮುಗಿಸಿದ್ದರು. ಇನ್ನೊಂದು ಉಳಿದಿತ್ತು.

‘ಕೂಸೇ,’ ಎಂದರು ಮೆಲ್ಲಗೆ. ‘ಅಲ್ಲಿ ನಿನ್ನ ಕೋಣೆಗೆ ಒಳಗಿಂದ ಚಿಲಕ ಇದ್ದಾ?’

‘ಇದ್ದು ಮಾವ,’ ಎಂದೆ. ‘ಎಲ್ಲ ಊರಲ್ಲೂ ಅದನ್ನೇ ಮೊದಲು ಕೇಳಿದ್ದು.’