ಬದಲಾವಣೆಗೆ ಕಾರಣ

"ಅದು ಮಡಚೋ ಕಾಗದ ಅಲ್ಲ ಕಣೋ. ಬಿಡಿಸು," ಎಂದರು ಹಾಲ್ವರ್ಸನ್ ಟೀಚರ್.

ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದ್ದ ತೆರಿಗೆ ರಿಟರ್ನಿನ ಪ್ರತಿಯನ್ನು ಟೊಯ್ವೊ ತೆಗೆದು ಮೇಜಿನ ಮೇಲೆ ಉಜ್ಜಿ ಸರಿಮಾಡಿದ. ಗಣಿಯ ಸಂಬಳದ ಚೀಟಿ, ಔಷಧಿ ಅಂಗಡಿಯ ರಸೀದಿ, ಅವನ ಕೈಗೆ ಬಂದದ್ದೆಲ್ಲ ನಾಲ್ಕು ಮಡಿಕೆಯಾಗುತ್ತಿತ್ತು. ಎಂಟನೇ ತರಗತಿಯಲ್ಲಿ ಅವನಿಗೆ ಲೆಕ್ಕ ಕಲಿಸಿದ್ದ ಟೀಚರ್ ನಿವೃತ್ತರಾದ ಮೇಲೆ, ಗ್ರಂಥಾಲಯದ ನೆಲಮಾಳಿಗೆಯಲ್ಲಿ ಶನಿವಾರ ಬೆಳಿಗ್ಗೆ ಕೂತು ಊರವರ ತೆರಿಗೆ ಫಾರ್ಮುಗಳನ್ನು ಬಿಟ್ಟಿಯಾಗಿ ತುಂಬಿಕೊಡುತ್ತಿದ್ದರು.

"ಫೆಬ್ರವರೀಲೇ ಕಳಿಸಿ ಆಗಿತ್ತು ಟೀಚರ್. ಇವಳೇ ಹಟ ಹಿಡಿದು ಎಳ್ಕೊಂಡು ಬಂದಿದ್ದು."

ಅವನ ಹೆಂಡತಿ ಲೋರ್ನಾ ಚೀಲದಿಂದ ಆಸ್ಪತ್ರೆಯ ಪ್ರಮಾಣಪತ್ರ ತೆಗೆದು ಮುಂದಿಟ್ಟಳು. ಸತ್ತು ಹುಟ್ಟಿದ ಮಗುವಿನ ತಂದೆತಾಯಿಗೆ ತೆರಿಗೆಯಲ್ಲಿ ರಿಯಾಯಿತಿ ಎಂದು ರಾಜ್ಯ ಹೊಸದಾಗಿ ಕಾನೂನು ಮಾಡಿತ್ತು. ಕಳೆದ ವರ್ಷಕ್ಕೂ ಅದು ಅನ್ವಯಿಸುತ್ತಿತ್ತು. ಕಳಿಸಿದ್ದನ್ನು ತಿದ್ದಿ ಮತ್ತೆ ಕಳಿಸಬೇಕು. ಇಬ್ಬರ ಸಹಿಯೂ ಬೇಕು.

"ದುಡ್ಡು ಬೇಡ ನಂಗೆ," ಎಂದ ಟೊಯ್ವೊ, ಪತ್ರದ ಕಡೆ ನೋಡದೆ. "ಅದರ ಹೆಸರಲ್ಲಿ ದುಡ್ಡು ತಗೊಳ್ಳೋದಾ?"

"ಯಾವ ಹೆಸರಲ್ಲಿ? ನಿನ್ನ ಬಾಯಲ್ಲಿ ಒಂದ್ಸಲ ಹೇಳು, ಕೇಳೋಣ," ಎಂದಳು ಲೋರ್ನಾ. "ದುಡ್ಡು ನೀನೇ ಇಟ್ಕೊ, ನಿನ್ನ ದೋಣಿಗೆ ಬಣ್ಣ ಹೊಡಿಸು. ಒಂದಾದ್ರೂ ಸರ್ಕಾರಿ ಕಾಗದದಲ್ಲಿ ನಾವು ಮೂರು ಜನ ಇರ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

ಬೇಸಿಗೆಯಲ್ಲಿ ಆ ಹೆಸರನ್ನು ಆರಿಸಿದವನು ಟೊಯ್ವೊನೇ. ಅವನ ಅಜ್ಜಿಯ ಹೆಸರು. ನವೆಂಬರಿನಿಂದ ಈಚೆಗೆ ಅದು ಅವನ ನಾಲಿಗೆಯ ಮೇಲೆ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಚಾಚಿದಾಗ, ಕಾರಿನ ಗಾಜಿನ ಮೇಲಿನ ಹಿಮ ಕೆರೆಯಬೇಕು ಎಂದು ಹೊರಗೆ ಹೋದವನು, ಎಲ್ಲ ಮುಗಿದ ಮೇಲೆ ಒಳಗೆ ಬಂದಿದ್ದ.

ಟೀಚರ್ ಕೆಮ್ಮಿ, ಮೂರು ಅಂಕಣಗಳಲ್ಲಿ ಅಂಕಿಗಳನ್ನು ತುಂಬಿದರು. ಮೊದಲು ಇದ್ದದ್ದು, ಬದಲಾದದ್ದು, ಸರಿಯಾದದ್ದು. ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕ: ಬದಲಾವಣೆಗೆ ಕಾರಣವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

"'ಹೊಸ ರಿಯಾಯಿತಿಗಾಗಿ' ಅಂತ ಬರೆದ್ರೆ ಸಾಕಮ್ಮ," ಎಂದು ಪೆನ್ನನ್ನು ಲೋರ್ನಾಳ ಕಡೆ ಸರಿಸಿದರು.

ಲೋರ್ನಾ ಪೆನ್ನು ಹಿಡಿದಳು. ಅದು ಕಾಗದದ ಮೇಲೆ ಹಾಗೇ ನಿಂತಿತು.

ಟೊಯ್ವೊ ಅದನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡ. ತಲೆ ಬಗ್ಗಿಸಿ, ಒತ್ತಿ ಒತ್ತಿ, ತುಂಬ ಹೊತ್ತು ಬರೆದ. ಟೀಚರ್ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು.

ನವೆಂಬರ್ ಒಂಬತ್ತರಂದು ನಮ್ಮ ಮಗಳು ಐಲಿ ಹುಟ್ಟಿದಳು. ಮೊದಲ ಸಲ ನಾನು ಅವಳನ್ನು ಬಿಟ್ಟುಬಿಟ್ಟಿದ್ದೆ.

"ಇನ್ನೂ ಕಾಗೆ ಕಾಲು ಗುಬ್ಬಿ ಕಾಲೇ ನಿನ್ನ ಅಕ್ಷರ," ಎಂದು ಅವರು ಕನ್ನಡಕ ತೆಗೆದರು.

"ತಪ್ಪಾಯ್ತಾ ಟೀಚರ್?"

"ಇಲ್ಲ ಕಣೋ."

ಇಬ್ಬರೂ ಸಹಿ ಹಾಕಿದರು. ಮೂಲೆಯ ಜೆರಾಕ್ಸ್ ಯಂತ್ರದಿಂದ ಅವರ ಪ್ರತಿ ಬಿಸಿಬಿಸಿಯಾಗಿ ಬಂತು. ಟೊಯ್ವೊನ ಕೈಗಳು ರೂಢಿಯಂತೆ ಮಡಚಲು ಹೋಗಿ, ನಿಂತವು.

ಹೊರಗೆ ಏಪ್ರಿಲಿನ ಹಿಮ ಬೀಳುತ್ತಿತ್ತು. ಅವನು ಕೋಟಿನ ಜಿಪ್ ಬಿಚ್ಚಿ, ಕಾಗದವನ್ನು ಮಡಚದೆ ಎದೆಗೆ ಒರಗಿಸಿಕೊಂಡು, ಕತ್ತಿನವರೆಗೆ ಜಿಪ್ ಎಳೆದ. ಕೋಟಿನ ಮೇಲಿಂದ ಅದರ ಕೆಳಗೊಂದು ಕೈ ಆನಿಸಿ, ಗ್ರಂಥಾಲಯದ ಮುಂಬಾಗಿಲಿನ ಜಾರುವ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ. ಲೋರ್ನಾ ಕಾರಿನ ಗಾಜಿನ ಹಿಮ ಕೆರೆದು ಮುಗಿಸುವವರೆಗೂ ಆ ಕೈ ತೆಗೆಯದೆ ಪಕ್ಕದಲ್ಲಿ ನಿಂತಿದ್ದ.